ಬಾವಿಯ ಕಡೆ ತಿರುಗಿದ ಊರು

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳು ಜುಯಿಂಗ್ ಅಕ್ಕನಿಗೇ ಆದದ್ದು. ಜಪಾನಿನವರ ವಿಮಾನಗಳು ನಮ್ಮೂರು ಸುಚೌ ಮೇಲೆ ಬರುವುದಕ್ಕೆ ಮುಂಚಿನ ಮಾತು. ನಾನಾಗ ಇನ್ನೂ ಚಿಕ್ಕವಳು.

ಅವತ್ತು ಅಕ್ಕ ಕೆಲಸ ಮುಗಿಸಿ ಹೊರಟಾಗ ಹೊತ್ತು ಮೀರಿತ್ತು. ಮನೆಗೆ ಹೋಗುವ ಸೂಜಿ ಗಲ್ಲಿ ಹೆಸರಿಗೆ ತಕ್ಕ ಹಾಗೆ ಇಕ್ಕಟ್ಟು. ಎರಡೂ ಕಡೆ ಸುಣ್ಣದ ಗೋಡೆ, ತುದಿಯಲ್ಲಿ ಕಾಲುವೆ, ಕಾಲುವೆಗೆ ಮುಂಚೆ ಬಾವಿ. ಕೈಯಲ್ಲೊಂದು ಕಾಗದದ ಲಾಂದ್ರ ಬಿಟ್ಟರೆ ಬೇರೆ ಬೆಳಕಿಲ್ಲ. ದಾರಿಯಲ್ಲಿ ನರಪಿಳ್ಳೆ ಇಲ್ಲ. ಕಾಲುವೆಯಲ್ಲಿ ಕಟ್ಟಿದ ದೋಣಿಯೊಂದು ಕಲ್ಲಿಗೆ ತಾಗಿ ಡುಬ್... ಡುಬ್... ಅನ್ನುತ್ತಿತ್ತು.

ಬಾವಿ ದಾಟಬೇಕು, ಅಷ್ಟರಲ್ಲಿ ಕೇಳಿಸಿತು.

ಸರ್ರ್... ಸರ್ರ್... ಸರ್ರ್...

ಆಮೇಲೆ, ಟಕ್.

ಅಕ್ಕ ನಿಂತುಬಿಟ್ಟಳು. ಮಸಿ ತೇಯುವ ಸದ್ದು. ಕಲ್ಲಿನ ಮೇಲೆ ಚೂರು ನೀರು ಬಿಟ್ಟು ಮಸಿಕಡ್ಡಿ ತಿರುಗಿಸಿದರೆ ಬರುತ್ತದಲ್ಲ, ಅದೇ ಸದ್ದು. ಹುಟ್ಟಿದಾಗಿನಿಂದ ಕೇಳಿದವಳು, ತಪ್ಪುವ ಮಾತೇ ಇಲ್ಲ. ನಿಧಾನವಾಗಿ ತೇದು, ತೇದು, ಕೊನೆಗೆ ಕಡ್ಡಿಯ ತುದಿಯನ್ನು ಕಲ್ಲಿನ ಅಂಚಿಗೆ ಕುಟ್ಟಿ ಹನಿ ಬೀಳಿಸುವುದು... ಹಾಗೆ ಮಾಡುತ್ತಿದ್ದವನು ಒಬ್ಬನೇ. ಅವಳಣ್ಣ ಬೊವೆನ್.

ಸದ್ದು ಬರುತ್ತಿದ್ದದ್ದು ಬಾವಿಯ ಒಳಗಿನಿಂದ. ಬೊವೆನ್ ಸತ್ತದ್ದೂ ಆ ಬಾವಿಯಲ್ಲೇ. ಹಿಂದಿನ ಚಳಿಗಾಲದಲ್ಲಿ.

ಅಕ್ಕ ಓಡಲಿಲ್ಲ. ಗೋಡೆ ಹಿಡಿದು, ಗೋಡೆಗೇ ಅಂಟಿಕೊಂಡು ಮನೆ ಸೇರಿದಳು. ದೊಡ್ಡಮ್ಮ ಬಡಿಸಿದ ಗಂಜಿ ಬಿಟ್ಟು ಒಲೆಯ ಮುಂದೆ ಹೋಗಿ ಕೂತಳು.

"ಏನಾಯ್ತೇ?" ಅಂದರು ದೊಡ್ಡಮ್ಮ.

"ಚಳಿ ಅಮ್ಮ."

ಹೆತ್ತ ತಾಯಿಗೆ ಏನಂತ ಹೇಳುವುದು?

ಬೊವೆನ್ ಅಣ್ಣ ಕೌ ಯಜಮಾನರ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಳೆಯ ಪಟ್ಟಣದ ಸುರುಳಿ ಚಿತ್ರಗಳ ನಕಲು ಮಾಡುವ ಅಂಗಡಿ ಅದು. ಉದ್ದನೆಯ ರೇಷ್ಮೆ, ಬಿಚ್ಚುತ್ತಾ ಹೋದರೆ ಕೋಟೆಬಾಗಿಲು, ಕಾಲುವೆ, ಸೇತುವೆ, ದೋಣಿ, ಚಹಾ ಅಂಗಡಿ, ನಾಟಕದ ಕಟ್ಟೆ, ಸಂತೆ, ಎಲ್ಲ ಬರುತ್ತದೆ. ಒಬ್ಬ ಮನೆಗಳನ್ನೇ ಬರೆಯುತ್ತಾನೆ, ಇನ್ನೊಬ್ಬ ದೋಣಿಗಳನ್ನೇ. ಜನರನ್ನು ಬರೆಯುವುದು ಬೊವೆನ್. ಬೆರಳಿನ ಉಗುರಿಗಿಂತ ಚಿಕ್ಕ ಮನುಷ್ಯ, ಆದರೂ ಅವನು ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದಾನೆ ಅಂತ ಬೆನ್ನು ನೋಡಿಯೇ ಹೇಳಬಹುದು. ಅಂಥ ಕೈ.

ನಕಲನ್ನು ನಕಲು ಅಂತಲೇ ಮಾರಿದರೆ ಯಾರಿಗೆ ಏನು ತೊಂದರೆ? ಆದರೆ ಆ ವರ್ಷ ಕೌ ಯಜಮಾನರಿಗೆ ದುರಾಸೆ ಹತ್ತಿತು. ಒಂದು ಸುರುಳಿಗೆ ಚಹಾದ ಡಿಕಾಕ್ಷನ್ ಬಳಿಸಿ, ಹೊಗೆ ಹಿಡಿಸಿ, ಹಳೇ ಅರಮನೆಯ ಸುಳ್ಳು ಮುದ್ರೆ ಒತ್ತಿ, ಶಾಂಘೈನ ದೊಡ್ಡ ಮನುಷ್ಯರೊಬ್ಬರಿಗೆ ಅಸಲು ಅಂತ ಮಾರಲು ಹೊರಟರು. ಬೊವೆನ್ ಒಪ್ಪಲಿಲ್ಲ. "ನನ್ನ ಜನರನ್ನ ನಾನು ಸುಳ್ಳು ಹೇಳೋಕೆ ಕಳಿಸಲ್ಲ, ನಾನೇ ಶಾಂಘೈಗೆ ಹೋಗಿ ಅವರಿಗೆ ನಿಜ ಹೇಳ್ತೀನಿ" ಅಂದನಂತೆ. ಅದಾಗಿ ಸ್ವಲ್ಪ ದಿನಕ್ಕೇ ಬಾವಿಯಲ್ಲಿ ತೇಲಿದ.

ಬಾವಿಕಟ್ಟೆಯ ಮೇಲೆ ಖಾಲಿ ಹೆಂಡದ ಹೂಜಿ ಸಿಕ್ಕಿತು. ಕುಡಿದು ಬಿದ್ದ ಅಂದರು ಕೌ. ಪೊಲೀಸರು ಬಂದರು, ಕೌ ಮನೆಯಲ್ಲೇ ಚಹಾ ಕುಡಿದರು, ಹೌದು ಕುಡಿದು ಬಿದ್ದ ಅಂತ ಹೇಳಿ ಹೋದರು. ಬೊವೆನ್ ಅಣ್ಣನಿಗೆ ಹೆಂಡ ಆಗುತ್ತಿರಲಿಲ್ಲ. ಮದುವೆಮನೆಯಲ್ಲಿ ಬಲವಂತಕ್ಕೆ ಒಂದು ಗುಟುಕು ಕುಡಿದರೂ ಮೈತುಂಬ ದದ್ದು ಏಳುತ್ತಿತ್ತು. ಗಲ್ಲಿಗೆಲ್ಲ ಗೊತ್ತಿತ್ತು. ಗಲ್ಲಿಯವರು ಬಾಯಿ ಬಿಡಲಿಲ್ಲ.

ಸೂತಕ ಕಳೆದ ಮೇಲೆ ಕೌ ಅವರೇ ದೊಡ್ಡಮ್ಮನ ಮನೆಗೆ ಬಂದರು. ಬಿಳಿ ಮುಖ, ಎಡಗೈ ಹೆಬ್ಬೆರಳಿಗೆ ಹಸಿರು ಕಲ್ಲಿನ ದಪ್ಪ ಉಂಗುರ. ದೊಡ್ಡಮ್ಮನ ಮುಂದೆ ಕಣ್ಣೊರೆಸಿಕೊಂಡರು.

"ಬೊವೆನ್ ನನಗೆ ಮಗ ಇದ್ದ ಹಾಗೆ ಇದ್ದ ತಾಯಿ. ಆ ಸುರುಳೀಲಿ ನಾಟಕದ ಕಟ್ಟೆ ಮುಂದಿನ ಜನ ಒಂದು ಬಾಕಿ ಉಳೀತು. ಜುಯಿಂಗ್ ಕೈ ಅವನ ಕೈ ಥರಾನೇ ಇದೆ ಅಂತಾರೆ. ಅವಳು ಬಂದು ಮುಗಿಸಿಕೊಡಲಿ. ಅವನ ಆತ್ಮಕ್ಕೂ ಶಾಂತಿ."

ದೊಡ್ಡಮ್ಮ ಬೇಡವೇ ಬೇಡ ಅಂದರು. ಅಕ್ಕ, "ಹೋಗ್ತೀನಿ" ಅಂದಳು. ಶಾಂತಿಗಲ್ಲ. ಅಣ್ಣ ಹೇಗೆ ಸತ್ತ ಅಂತ ಆ ಮನೆಯ ಗೋಡೆಗಳಿಗೆ ಗೊತ್ತಿರಬೇಕು, ಹೋಗಿ ಕೂತು ಕೇಳಿಸಿಕೊಳ್ಳೋಣ ಅಂತ.

ಅಂಗಡಿಯಲ್ಲಿ ಅವಳ ಜೊತೆ ಮಾತಾಡುತ್ತಿದ್ದವರು ಸುರುಳಿಗೆ ಅಂಟು ಹಚ್ಚಿ ಕಟ್ಟು ಹಾಕುವ ಫೇ ಅಜ್ಜ ಒಬ್ಬರೇ. ಬಾಯಿ ಸುಮ್ಮನಿರದು.

"ನಮ್ ಯಜಮಾನ್ರು ಕುಂಚ ಹಿಡಿಯೋದು ನೋಡಿದ್ಯೇನಮ್ಮ? ಸತ್ತಿಲಿ ಬಾಲ ಹಿಡಿದ ಹಾಗೆ! ಆದ್ರೆ ಸಹಿ ಮಾತ್ರ ಅವರದೇ. ನಾವೆಲ್ಲ ಬರೀ ಅಂಟು."

"ಸುಮ್ನಿರಿ ಅಜ್ಜ, ಕೇಳಿಸ್ಕೋತಾರೆ."

"ಕೇಳಿಸ್ಕೊಂಡ್ರೆ ಕಿವಿಗೆ ಒಳ್ಳೇದು."

ಅಕ್ಕ ತಲೆಬಗ್ಗಿಸಿ ಬರೆದಳು. ನಾಟಕದ ಕಟ್ಟೆ, ಅದರ ಮುಂದೆ ಜನಸಾಗರ. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡ ಅಪ್ಪ, ಕಡಲೆ ಮಾರುವವಳು, ಕತ್ತು ಉದ್ದ ಮಾಡಿದ ಮುದುಕ. ಎಲ್ಲರ ಮುಖವೂ ನಾಟಕದ ಕಡೆಗೆ. ಬಾವಿಯೊಳಗೆ ಸದ್ದು ಕೇಳಿಸಿದ್ದು ಇದನ್ನು ಬರೆದ ದಿನವೇ.

ಮರುದಿನ ಬೆಳಿಗ್ಗೆ ಅಂಗಡಿಗೆ ಕಾಲಿಡುತ್ತಿದ್ದ ಹಾಗೇ ಕೌ ಕೂಗಾಡುತ್ತಿದ್ದರು.

"ಏನೇ ಇದು? ತಮಾಷೆನಾ?"

ಅಕ್ಕ ಬಗ್ಗಿ ನೋಡಿದಳು. ಕಟ್ಟೆಯ ಮೇಲೆ ನಟ ಕತ್ತಿ ಬೀಸುತ್ತಲೇ ಇದ್ದ. ಅವನನ್ನು ನೋಡುವವರೇ ಇರಲಿಲ್ಲ. ಅಷ್ಟೂ ಜನ ಎಡಕ್ಕೆ ತಿರುಗಿದ್ದರು. ಅಪ್ಪನ ಹೆಗಲ ಮೇಲಿನ ಮಗು ಕೂಡ. ಎಡಕ್ಕೆ ಏನೂ ಇಲ್ಲ, ಗೋಡೆಯ ಪಕ್ಕ ಅಂಗೈಯಗಲದ ಖಾಲಿ ಜಾಗ. ಆ ಖಾಲಿ ಜಾಗವನ್ನೇ ನೋಡುತ್ತಿದ್ದರು.

"ನಾನು ಹೀಗೆ ಬರೆದಿಲ್ಲ ಯಜಮಾನ್ರೇ."

"ನೀನು ಬರೀದೆ ನಿಮ್ಮಪ್ಪ ಬಂದು ಬರೆದ್ನಾ?"

ಫೇ ಅಜ್ಜ ರೇಷ್ಮೆಯ ಮೇಲೆ ಬೆರಳಾಡಿಸಿದರು. ಅವರ ಮುಖದ ನಗು ಹೋಗಿತ್ತು. "ರೇಷ್ಮೆ ಮೇಲೆ ಮಸಿ ಬಿದ್ರೆ ಬಿತ್ತು. ಅಳಿಸಿ ಬರೆಯೋಕಾಗಲ್ಲ. ಕೆರೆದ ಗುರುತೂ ಇಲ್ಲ..." ಅಂದರು. ಆಮೇಲೆ ಸುರುಳಿಯ ಇನ್ನೊಂದು ತುದಿ ಬಿಚ್ಚಿದರು. ಅಲ್ಲಿ ಸೇತುವೆಯ ಮೇಲಿನವರು ಬೊವೆನ್ ಬರೆದ ಜನ. ಹೋದವರ್ಷದವರು. ಅವರೂ ತಿರುಗಿದ್ದರು. ದೋಣಿಯವನು ಹುಟ್ಟು ಹಾಕುವುದನ್ನು ಬಿಟ್ಟು ತಿರುಗಿದ್ದ. ಕೋಟೆಬಾಗಿಲ ಕಾವಲುಗಾರ, ಕತ್ತೆ ಹೊಡೆಯುವವನು, ಮಹಡಿಯ ಕಿಟಕಿಯಲ್ಲಿ ತಲೆ ಬಾಚುವ ಹೆಂಗಸು... ಇಡೀ ಊರು ಒಂದೇ ಕಡೆ ನೋಡುತ್ತಿತ್ತು.

ಕೌ ಬಿರಬಿರನೆ ಸುತ್ತಿ ಪೆಟ್ಟಿಗೆಗೆ ಹಾಕಿದರು. "ಇರಲಿ. ಜನ ಏನೋ ಗಲಾಟೆ ನೋಡ್ತಿದಾರೆ ಅಂದ್ಕೋತಾರೆ. ಆ ಖಾಲಿ ಜಾಗದಲ್ಲಿ ಏನಾದ್ರೂ ಬರಿ. ಮರ ಬರಿ. ಶಾಂಘೈನೋರು ನಾಡಿದ್ದು ಬರ್ತಾರೆ."

ಆ ರಾತ್ರಿ ಅಕ್ಕ ಬಾವಿಯ ಹತ್ತಿರ ತಾನಾಗಿಯೇ ನಿಂತಳು.

ಸರ್ರ್... ಸರ್ರ್... ಸರ್ರ್... ಟಕ್.

"ಅಣ್ಣಾ?" ಅಂದಳು ಪಿಸುದನಿಯಲ್ಲಿ.

ಸದ್ದು ನಿಂತಿತು.

ಆಮೇಲೆ ನೀರೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಒಂದು ದನಿ.

"ಜುಯಿಂಗ್... ಊಟ ಆಯ್ತಾ?"

ಅಕ್ಕನಿಗೆ ಅಳು ಉಕ್ಕಿ ಬಂತು. ಬದುಕಿದ್ದಾಗ ಮನೆಗೆ ಬಂದ ಕೂಡಲೇ ಅವನು ಕೇಳುತ್ತಿದ್ದ ಮೊದಲ ಮಾತು ಅದು. "ಅಣ್ಣಾ, ಯಾರು? ಯಾರು ಮಾಡಿದ್ದು?"

"ಎಲ್ರೂ ನೋಡ್ತಿದಾರಲ್ಲ..."

"ಅಲ್ಲಿ ಏನೂ ಇಲ್ವಲ್ಲ ಅಣ್ಣ."

"ನೀನು ಬರೆದಿಲ್ಲ. ಅದಕ್ಕೆ ಇಲ್ಲ... ಬಾವಿ ಬರಿ."

ಆಮೇಲೆ ಮತ್ತೆ ಸರ್ರ್... ಸರ್ರ್...

ಅಕ್ಕ ಬೆಳಗಾಗುವುದನ್ನೇ ಕಾಯುತ್ತಿದ್ದಳು. ಎಲ್ಲರಿಗಿಂತ ಮೊದಲು ಅಂಗಡಿಗೆ ಹೋಗಿ ಕೂತು, ಆ ಖಾಲಿ ಜಾಗದಲ್ಲಿ ಸೂಜಿ ಗಲ್ಲಿಯ ಬಾವಿಯನ್ನು ಬರೆದಳು. ಹಗ್ಗ ಉಜ್ಜಿ ಉಜ್ಜಿ ತಗ್ಗು ಬಿದ್ದ ಕಲ್ಲಿನ ಕಟ್ಟೆ, ಪಕ್ಕಕ್ಕೆ ಒರಗಿಸಿದ ಮರದ ಮುಚ್ಚಳ. ಅಷ್ಟೇ. ಮನುಷ್ಯರನ್ನು ಬರೆಯಲಿಲ್ಲ. ಇದು ಮಾತ್ರ ಆಣೆ ಮಾಡಿ ಹೇಳುತ್ತಿದ್ದಳು. ಕೌ ಬಂದು ನೋಡಿ, "ಮರ ಬರಿ ಅಂದ್ರೆ ಬಾವಿ ಬರೆದಿದ್ಯಾ?" ಅಂದರು. ದನಿ ಸಣ್ಣಗಾಗಿತ್ತು. ಇನ್ನೊಂದು ಸುರುಳಿ ಮಾಡುವಷ್ಟು ಸಮಯ ಇರಲಿಲ್ಲ. ಫೇ ಅಜ್ಜ ಕಟ್ಟು ಹಾಕಿದರು. ಮುದ್ರೆ ಬಿತ್ತು.

ಶಾಂಘೈನವರು ಬಂದರು. ತೂಕದ ಮನುಷ್ಯ, ಚಿನ್ನದ ಕಟ್ಟಿನ ಕನ್ನಡಕ, ಜೊತೆಗೆ ಇಬ್ಬರು ಗೆಳೆಯರು. ಕೌ ಬೀಗರನ್ನು ಉಪಚರಿಸುವ ಹಾಗೆ ಉಪಚರಿಸಿದರು. ಚಹಾ, ಎಳ್ಳಿನ ಮಿಠಾಯಿ, ಹುರಿದ ಕುಂಬಳಬೀಜ. ಉದ್ದನೆಯ ಮೇಜಿನ ಮೇಲೆ ಸುರುಳಿ ಬಿಚ್ಚುತ್ತಾ ಹೋದರು. ದೀಪ ಹಿಡಿದವಳು ಅಕ್ಕ.

"ಆಹಾ," ಅಂದರು ಕನ್ನಡಕದವರು. "ಜನ ಅಂದ್ರೆ ಜನ! ಎಲ್ರೂ ಏನು ನೋಡ್ತಿದಾರೆ?"

"ಮುಂದೆ ಇದೆ ಸ್ವಾಮಿ, ಮುಂದೆ..."

ನಾಟಕದ ಕಟ್ಟೆ ಬಂತು. ಬಾವಿ ಬಂತು. ಕನ್ನಡಕದವರು ಭೂತಕನ್ನಡಿ ಹಿಡಿದು ಬಗ್ಗಿದರು. ಬಗ್ಗಿದವರು ಹಾಗೇ ಇದ್ದರು.

"ಕೌ ಅವರೇ, ಇದೇನ್ರೀ? ಇಬ್ರು ಇದಾರೆ. ಒಬ್ಬನ್ನ ಇನ್ನೊಬ್ಬ ಬಾವಿಗೆ ತಳ್ತಿದಾನೆ."

ಅಕ್ಕ ದೀಪವನ್ನು ಹತ್ತಿರಕ್ಕೆ ಹಿಡಿದಳು. ಅವಳೂ ನೋಡಿದಳು. ಹೌದು. ಅವಳು ಬರೆಯದ ಇಬ್ಬರು. ಒಬ್ಬ ಕಟ್ಟೆಯ ಮೇಲೆ ಬಗ್ಗಿದವನು, ಅವನ ತೋಳಿನ ಮೇಲೆ ಮಸಿಯ ಕಲೆ. ಹಿಂದೆ ಉದ್ದನೆ ನಿಲುವಂಗಿಯವನು.

"ತಮಾಷೆಯಾಗಿದೆ," ಅಂದರು ಗೆಳೆಯರಲ್ಲಿ ಒಬ್ಬರು. "ತಳ್ಳೋನ ಹೆಬ್ಬೆರಳು ನೋಡಿ, ಹಸಿರು ಉಂಗುರ. ಎಷ್ಟು ಸೂಕ್ಷ್ಮ!"

ಮೂವರೂ ಒಟ್ಟಿಗೆ ಕೌ ಕೈಯನ್ನು ನೋಡಿದರು. ಸುರುಳಿಯ ಅಂಚು ಹಿಡಿದಿದ್ದ ಎಡಗೈಯನ್ನು.

ಕೌ ಕೈ ಹಿಂದಕ್ಕೆ ಎಳೆದುಕೊಂಡರು. ಮುಖ ಸುಣ್ಣದ ಗೋಡೆಯಾಗಿತ್ತು. ಅಕ್ಕನ ಕಡೆ ತಿರುಗಿ ಅರಚಿದರು. "ಸುಳ್ಳಿ! ನಿನಗೆ ಹೆಂಗೆ ಗೊತ್ತಾಯ್ತು? ಆ ರಾತ್ರಿ ಗಲ್ಲೀಲಿ ಒಂದು ನಾಯಿ ಕೂಡ ಇರಲಿಲ್ಲ!"

ಹೊರಗೆ ಫೇ ಅಜ್ಜನ ಅಂಟಿನ ಪಾತ್ರೆ ಠಣ್ ಅಂತ ಕೆಳಗೆ ಬಿತ್ತು.

ಕನ್ನಡಕದವರು ನಿಧಾನವಾಗಿ ಎದ್ದರು. ಕೋಟು ಹಾಕಿಕೊಂಡರು. ಗೆಳೆಯರನ್ನು ಕರೆದುಕೊಂಡು ಹೊರಟುಹೋದರು.

ಅಕ್ಕನೂ ಅಲ್ಲಿಂದ ಹೊರಟಳು. ಪೊಲೀಸರ ಹತ್ತಿರ ಹೋಗೋಣವೇ? ಅವರು ಕುಡಿದ ಚಹಾ ಇನ್ನೂ ಆರಿರಲಿಲ್ಲ. ಅಮ್ಮನಿಗೆ ಹೇಳೋಣ ಅಂದರೆ ಗುಂಡಿಗೆ ಒಡೆದು ಸಾಯುತ್ತಾಳೆ. ಕಾಲುವೆಯ ದಂಡೆಯ ಮೇಲೆ ಕೂತು ಅತ್ತಳು. ಎದ್ದಾಗ ಕತ್ತಲಾಗಿತ್ತು. ಕೈಯಲ್ಲಿ ಲಾಂದ್ರವಿಲ್ಲ. ಮನೆಗೆ ಹೋಗಲು ಗಲ್ಲಿಗೆ ತಿರುಗಿದಳು.

ಬಾವಿಯ ಹತ್ತಿರ ಬಂದಾಗ ಸದ್ದಿರಲಿಲ್ಲ. ಅದೇ ವಿಚಿತ್ರ ಅನ್ನಿಸಿತು. ನಿಂತಳು.

ಹಿಂದಿನಿಂದ ಬಟ್ಟೆಯ ಚಪ್ಪಲಿಯ ಸದ್ದು. ಸರಕ್... ಸರಕ್...

ತಿರುಗುವಷ್ಟರಲ್ಲಿ ಜಡೆ ಅವರ ಕೈಯಲ್ಲಿತ್ತು.

"ನೀನೇ ನೋಡಿದ್ದು," ಅಂದರು ಕೌ, ಕಿವಿಯ ಹತ್ತಿರ. ಬಾಯಲ್ಲಿ ಹೆಂಡದ ವಾಸನೆ. "ಎಲ್ಲಿ ಅವಿತಿದ್ದೆ? ಕಿಟಕೀಲಾ? ಮೂಲೇಲಾ? ಅಣ್ಣ ತಂಗಿ ಇಬ್ರೂ ಸೇರಿ ನನ್ನ ಮುಗಿಸ್ಬೇಕು ಅಂತಿದೀರಾ?"

"ಬಿಡಿ... ಬಿಡಿ ಯಜಮಾನ್ರೇ..."

"ಹೋಗು. ಅಣ್ಣನ ಹತ್ರಾನೇ ಹೋಗು."

ಅವಳ ಹೊಟ್ಟೆ ಕಟ್ಟೆಯ ಕಲ್ಲಿಗೆ ಒತ್ತಿತು. ಕೆಳಗೆ ಕತ್ತಲು. ತಣ್ಣನೆ ಗಾಳಿ ಮುಖಕ್ಕೆ ಬಂತು, ಮಸಿಯ ವಾಸನೆ, ಕರ್ಪೂರ ಬೆರೆಸಿದ ಒಳ್ಳೇ ಮಸಿಯದು. ಆಮೇಲೆ ಅವಳ ಹೆಗಲ ಪಕ್ಕದಲ್ಲೇ ಏನೋ ಮೇಲಕ್ಕೆ ಹೋಯಿತು. ಅವಳು ಕಣ್ಣು ಮುಚ್ಚಿದ್ದಳು. ಕಂಡದ್ದು ಏನೂ ಇಲ್ಲ. ಒದ್ದೆ ಅಂಗಿಯ ತೋಳು ಕೆನ್ನೆಗೆ ತಾಗಿತು ಅಷ್ಟೇ. ಚಿರಪರಿಚಿತ ತೋಳು.

ಜಡೆಯ ಹಿಡಿತ ಬಿಟ್ಟುಹೋಯಿತು.

"ಬೇ..." ಅಂದರು ಕೌ. ಪೂರ್ತಿ ಮಾತು ಬರಲಿಲ್ಲ. ಅವಳ ತಲೆಯ ಮೇಲಿಂದ ದೊಡ್ಡ ಮೂಟೆ ಹೋದ ಹಾಗೆ ಹೋದರು, ಒಳಗೆ.

ನೀರಿನ ಸದ್ದು ಬರಲಿಲ್ಲ. ಅಷ್ಟು ಭಾರದ ಮನುಷ್ಯ ಬಿದ್ದರೆ ಧಡಂ ಅನ್ನಬೇಕಲ್ಲ? ಇಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕೆಳಗಿನಿಂದ ದನಿ. ಎಷ್ಟೋ ಆಳದಿಂದ.

"ಜುಯಿಂಗ್... ಅಮ್ಮಾ ತಾಯೀ... ಹಗ್ಗ ಬಿಡು..."

ಹಗ್ಗ ಅಲ್ಲೇ ಗೂಟಕ್ಕೆ ಸುತ್ತಿತ್ತು. ಅಕ್ಕ ಬಿಚ್ಚಿ ಕೈಗೆ ತಗೊಂಡಳು. ಬಿಡಲಿಲ್ಲ. ಅವಳ ದನಿ ಅವಳಿಗೇ ಬೇರೆಯವರ ದನಿಯ ಹಾಗೆ ಕೇಳಿಸಿತಂತೆ.

"ನಮ್ಮಣ್ಣ ಹೀಗೇ ಕೂಗಿದ್ನಾ?"

"ತಾಯೀ, ಹಗ್ಗ..."

"ಕೂಗಿದ್ನಾ?"

"ಕೂಗಿದ... ಕೂಗಿದ ಕಣಮ್ಮಾ..."

"ಆಗ ನೀವೇನ್ ಮಾಡಿದ್ರಿ?"

ಕೆಳಗಿನಿಂದ ಅಳು.

"ಮುಚ್ಚಳ ಹಾಕಿದೆ... ಸದ್ದು ನಿಲ್ಲೋವರೆಗೆ ಮೇಲೆ ಕೂತಿದ್ದೆ..."

ಅಕ್ಕ ಒಳ್ಳೆಯವಳು, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಅಷ್ಟು ಕೇಳಿದ ಮೇಲೂ ಅವಳು ಹಗ್ಗ ಬಿಟ್ಟಳು. ಕೈ ತಾನಾಗಿ ಬಿಟ್ಟಿತು ಅನ್ನುತ್ತಿದ್ದಳು. ಹಗ್ಗ ಇಳಿಯಿತು, ಇಳಿಯಿತು, ಕೊನೆಗೆ ಬಿಗಿಯಾಯಿತು. ಯಾರೋ ಹಿಡಿದರು. ಅವಳು ಎಳೆಯಲು ಕಾಲು ಊರಿದಳು. ಅಷ್ಟರಲ್ಲಿ ಹಗ್ಗ ಸಡಿಲವಾಯಿತು.

"ಬೇಡ ಜುಯಿಂಗ್," ಅಂತು ಇನ್ನೊಂದು ದನಿ. ಮೆಲ್ಲಗೆ. "ಇವ್ರು ಇಲ್ಲಿರಲಿ. ನೀನು ಮನೆಗೆ ಹೋಗು. ಅಮ್ಮ ಕಾಯ್ತಿರ್ತಾಳೆ."

ಅವಳು ಹಗ್ಗ ಎಳೆದುಕೊಂಡಳು. ಕೈಗೆ ಬಂದ ತುದಿ ಒಣಗಿತ್ತು. ಎರಡಾಳು ನೀರಿನ ಬಾವಿ ಅದು, ಸಂಜೆ ಅಷ್ಟೇ ಗಲ್ಲಿಯ ಹೆಂಗಸರೆಲ್ಲ ನೀರು ಸೇದಿದ್ದರು. ಹಗ್ಗ ಕೊನೆಯವರೆಗೂ ಒಣಗಿತ್ತು, ಬೆಚ್ಚಗಿತ್ತು.

ಕೆಳಗಿನಿಂದ ಮಸಿ ತೇಯುವ ಸದ್ದು ಶುರುವಾಯಿತು. ಈ ಸಲ ಬೊವೆನ್ ಕೈಯಲ್ಲ ಅದು. ಗರಗರಗರ... ಗರಗರ... ಒತ್ತಿ, ಅವಸರದಲ್ಲಿ, ಒಂದು ದಿನವೂ ಮಸಿ ತೇಯದವನು ಹೆದರಿಕೊಂಡು ತೇಯುವ ಹಾಗೆ. ನಡುವೆ ಬಿಕ್ಕುವ ಸದ್ದು.

"ನಿಧಾನ," ಅಂತು ಅಣ್ಣನ ದನಿ. "ಗುಂಡಗೆ... ಮೊದಲಿಂದ."

ಅಕ್ಕ ತಿರುಗಿ ನೋಡಿದಳು. ಮರದ ಮುಚ್ಚಳ ಗೋಡೆಗೆ ಒರಗಿತ್ತು. ಭಾರ ಇತ್ತು. ಎಳೆದು ತಂದು ಬಾವಿಯ ಮೇಲೆ ಹಾಕಿದಳು.

ಬೆಳಿಗ್ಗೆ ಕೌ ಮನೆಯವರು ಹುಡುಕಿದರು. ಫೇ ಅಜ್ಜನೇ, "ಬಾವಿ ನೋಡಿ" ಅಂದರು. ಗಲ್ಲಿಯ ಗಂಡಸರು ಪಾತಾಳಗರಡಿ ಬಿಟ್ಟು ಜಾಲಾಡಿದರು. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೇ ನೋಡಿದ. ಹೆಣ ಇರಲಿಲ್ಲ. ಉಂಗುರ ಇರಲಿಲ್ಲ. ಒಂದು ಚಪ್ಪಲಿ ಕೂಡ ಇರಲಿಲ್ಲ. ತಿಳಿನೀರು, ತಳದ ಕಲ್ಲು ಕಾಣುವ ಹಾಗೆ. ಕೌ ಶಾಂಘೈಗೆ ಓಡಿಹೋದರು ಅಂತ ಪೊಲೀಸರು ಹೇಳಿದರು. ಈ ಸಲ ಚಹಾ ಕೊಡುವವರು ಇರಲಿಲ್ಲ. ಬೇಗ ಹೋದರು.

ಸುರುಳಿಯನ್ನು ಫೇ ಅಜ್ಜ ಬಿಚ್ಚಿ ನೋಡಿದರಂತೆ. ಜನರೆಲ್ಲ ನಾಟಕ ನೋಡುತ್ತಿದ್ದರಂತೆ, ದೋಣಿಯವನು ಹುಟ್ಟು ಹಾಕುತ್ತಿದ್ದನಂತೆ. ಗೋಡೆಯ ಪಕ್ಕ ಖಾಲಿ ರೇಷ್ಮೆ. ಅಜ್ಜ ಸುಳ್ಳು ಮುದ್ರೆಯಿದ್ದ ತುಂಡನ್ನು ಕತ್ತರಿಸಿ ಒಲೆಗೆ ಹಾಕಿ, ಉಳಿದದ್ದನ್ನು ದೊಡ್ಡಮ್ಮನಿಗೆ ತಂದುಕೊಟ್ಟರು. ಆಮೇಲೆ ಯುದ್ಧ ಬಂತು, ಮನೆ ಸುಟ್ಟಿತು, ಸುರುಳಿಯೂ ಹೋಯಿತು. ಅಕ್ಕ ಮತ್ತೆ ಕುಂಚ ಹಿಡಿಯಲಿಲ್ಲ. ಅವಳು ಹೋಗಿಯೂ ಬಹಳ ವರ್ಷವಾಯಿತು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಅವತ್ತು ರಾತ್ರಿ ಅವಳು ಆ ಹಗ್ಗವನ್ನು ಕೈಯಲ್ಲೇ ಹಿಡಿದು ಮನೆಗೆ ಬಂದಿದ್ದಳು, ಗೊತ್ತೇ ಇಲ್ಲದೆ. ಯುದ್ಧದಲ್ಲಿ ನಾವೆಲ್ಲ ಹಳ್ಳಿಗೆ ಓಡಿದಾಗ ಗಂಟು ಕಟ್ಟಲು ಅದೇ ಹಗ್ಗ ಬಂತು. ಹಳ್ಳಿಯಲ್ಲಿ ಅಂಗಳಕ್ಕೆ ಕಟ್ಟಿ ಬಟ್ಟೆ ಒಣಗಿಸುತ್ತಿದ್ದೆವು. ಮುಂಗಾರಿನಲ್ಲಿ ವಾರಗಟ್ಟಲೆ ಜಿಟಿಜಿಟಿ ಹಿಡಿಯುತ್ತಿತ್ತು, ಬಟ್ಟೆಯನ್ನೆಲ್ಲ ಒಳಗೆ ಎತ್ತಿ ತರುವ ಕೆಲಸ ನನ್ನದು. ಅಂಗಿ ತೊಟ್ಟಿಕ್ಕುತ್ತಿತ್ತು, ಹಾಸಿಗೆಯ ಬಟ್ಟೆ ತೊಟ್ಟಿಕ್ಕುತ್ತಿತ್ತು. ಹಗ್ಗ ಒಣಗಿರುತ್ತಿತ್ತು. ಒಂದು ಸಲ ಅಲ್ಲ, ಪ್ರತಿ ಸಲ. ಇದೋ, ಈ ಕೈಯಿಂದಲೇ ಮುಟ್ಟಿ ನೋಡಿದ್ದೇನೆ.